ಪ್ಲಗ್ ಬದಲಿಸಬೇಕೋ, ಕಾಯಿಲ್ ಬದಲಿಸಬೇಕೋ? ಯಾವುದನ್ನು ಕೊಳ್ಳಬೇಕು, ಯಾರು ಹಾಕಬೇಕು?

ತುಮಕೂರಿನಲ್ಲಿ ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್ ದಣಿದಿದೆಯೇ ಎಂದು ತಿಳಿಯಲು ದೇವರಾಯನದುರ್ಗದ ರಸ್ತೆ ಸಾಕು. ಬಿ.ಎಚ್. ರಸ್ತೆಯ ಸಮತಟ್ಟಿನಲ್ಲಿ ಸದ್ದಿಲ್ಲದೆ ಓಡುವ ಗಾಡಿ, ಬೆಟ್ಟದ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಕ್ಕನೆ ತಡವರಿಸಿದರೆ ಮಿಸ್ಸಿಂಗ್, ಅಂದರೆ ಎಂಜಿನ್ನಿನಲ್ಲಿ ಕಿಡಿ ತಪ್ಪುವುದು, ಶುರುವಾಗಿದೆ ಎಂದು ಅನುಮಾನಿಸಬಹುದು. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ಒಂದೊಂದು ಸಲಹೆ ಕೊಡುತ್ತಾರೆ. ಪ್ಲಗ್ ಹಾಕಿಸಿ ಎನ್ನುವವರು ಒಬ್ಬರು, ಪ್ಲಗ್ಗಿಗೆ ವಿದ್ಯುತ್ತು ಕೊಡುವ ನಾಲ್ಕೂ ಕಾಯಿಲ್ ಬದಲಿಸಿ ಎನ್ನುವವರು ಇನ್ನೊಬ್ಬರು, ಇರಿಡಿಯಂ ಲೋಹದ ಪ್ಲಗ್ ಹಾಕಿದರೆ ಮೈಲೇಜ್ ಏರುತ್ತದೆ ಎನ್ನುವವರು ಮತ್ತೊಬ್ಬರು. ಡೀಸೆಲ್ ಕಾರಿನವರು ಇಲ್ಲಿಗೇ ಓದು ನಿಲ್ಲಿಸಬಹುದು, ಅವರ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲಗ್‌ಗಳನ್ನು ಅವಧಿಗೆ ಸರಿಯಾಗಿ ನೀವೇ ಬದಲಿಸಿ. ಕಾಯಿಲ್‌ಗಳನ್ನು, ಕೆಟ್ಟಿದೆ ಎಂದು ಖಾತ್ರಿಯಾಗುವವರೆಗೆ ಬದಲಿಸಬೇಡಿ. ಖಾತ್ರಿಯಾದರೂ ಕೆಟ್ಟದ್ದನ್ನು ಮಾತ್ರ ಬದಲಿಸಿ. ಕೂಲಿ ಉಳಿಯುತ್ತದೆ ಎಂಬ ಕಾರಣಕ್ಕೆ ನಾನು ಈ ಮಾತು ಹೇಳುತ್ತಿಲ್ಲ. ಉಳಿಯುವ ಕೂಲಿ ಹೆಚ್ಚೆಂದರೆ ಕೆಲವು ನೂರು ರೂಪಾಯಿ. ನಿಜವಾದ ಲಾಭ ಬೇರೆ ಕಡೆ ಇದೆ: ಎಂಜಿನ್ನಿನ ಒಳಗೆ ಹೋದ ಮಾಲು ಯಾವುದು ಎಂಬುದು ನಿಮಗೆ ಗೊತ್ತಿರುತ್ತದೆ, ಹೊರಗೆ ಬಂದ ಹಳೆಯ ಪ್ಲಗ್ ನಿಮ್ಮ ಕಣ್ಣಿಗೇ ಬೀಳುತ್ತದೆ.

ಕೆಟ್ಟಿರುವುದು ಯಾವುದು?

ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20ರಿಂದ 40 ಸಾವಿರ ವೋಲ್ಟ್‌ವರೆಗೆ ಏರಿಸುತ್ತದೆ. ಆ ವಿದ್ಯುತ್ತು ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರ್ ಸಂದಿಯನ್ನು ಜಿಗಿದು ಕಿಡಿಯಾಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಪ್ರತಿ ಕಿಡಿಯೂ ತುದಿಯ ಲೋಹವನ್ನು ಚೂರು ಚೂರೇ ತಿನ್ನುತ್ತದೆ, ಸಂದಿ ಅಗಲವಾಗುತ್ತ ಹೋಗುತ್ತದೆ, ಅದನ್ನು ದಾಟಲು ಕಾಯಿಲ್ ಇನ್ನಷ್ಟು ವೋಲ್ಟೇಜ್ ಕೊಡಬೇಕಾಗುತ್ತದೆ. ಏರು ಹತ್ತುವಾಗ ಸಿಲಿಂಡರಿನಲ್ಲಿ ಗಾಳಿ, ಪೆಟ್ರೋಲು ಹೆಚ್ಚು ತುಂಬಿ ಒತ್ತಡ ಏರುವುದರಿಂದ ಕಿಡಿ ಹಾರುವುದು ಮತ್ತೂ ಕಷ್ಟ. ಕಾಯಿಲೆ ಮೊದಲು ಬೆಟ್ಟದಲ್ಲಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ಸವೆದ ಪ್ಲಗ್ಗಿನ ಜೊತೆ ವರ್ಷಗಟ್ಟಲೆ ಗುದ್ದಾಡಿಯೇ ಪ್ರಾಣ ಬಿಡುವ ಕಾಯಿಲ್‌ಗಳೂ ಇವೆ. ಆದ್ದರಿಂದ ಹಳೆಯ ಪ್ಲಗ್ಗನ್ನು ಉಳಿಸಿಕೊಂಡು ಹೊಸ ಕಾಯಿಲ್ ಹಾಕಿಸುವುದು ದುಡ್ಡನ್ನು ತಿರುವು ಮುರುವಾಗಿ ಖರ್ಚು ಮಾಡಿದಂತೆ.

ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಮನೆಗೆ ಹೋಗಿ ನೋಡಬಹುದು. ಮಿಣುಕುತ್ತಿದ್ದರೆ ತಕ್ಷಣ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತವಾದ ಕಡೆ ನಿಲ್ಲಿಸಿ. ಉರಿಯದೆ ಹೊರಬರುವ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಟ್ಟುಹಾಕುತ್ತದೆ. ಆ ಭಾಗದ ಬೆಲೆಯ ಮುಂದೆ ನಾಲ್ಕು ಕಾಯಿಲ್‌ಗಳ ಬೆಲೆ ಏನೂ ಅಲ್ಲ.

ಸ್ಟಿಯರಿಂಗ್ ಕೆಳಗೆ, ಎಂಜಿನ್ನಿನ ದೋಷದ ಕೋಡ್ ಓದಲೆಂದು ಕೊಟ್ಟಿರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ಕೋಡ್ ಓದಬಹುದು. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪಿ0302 ಎಂದರೆ ಎರಡನೆಯದರಲ್ಲಿ, ಹೀಗೆ ಮುಂದಕ್ಕೆ. ಪಿ0300 ಬಂದರೆ ಒಂದೇ ಸಿಲಿಂಡರ್ ಎಂದು ಗುರುತಿಸಲಾಗುತ್ತಿಲ್ಲ ಎಂದರ್ಥ. ಆಗ ಎಲ್ಲ ಪ್ಲಗ್‌ಗಳು, ಇಂಧನದ ಒತ್ತಡ, ಗಾಳಿಯ ಸೋರಿಕೆ, ಇವೆಲ್ಲವೂ ಅನುಮಾನದ ಪಟ್ಟಿಗೆ ಬರುತ್ತವೆ.

ಈಗ ಕಾಸಿಲ್ಲದ ಪರೀಕ್ಷೆ. ಪಿ0301 ಬಂದಿದೆ ಎಂದಿಟ್ಟುಕೊಳ್ಳಿ. ಒಂದನೆಯ ಕಾಯಿಲನ್ನು ಕಿತ್ತು ಎರಡನೆಯ ಜಾಗಕ್ಕೆ, ಎರಡನೆಯದನ್ನು ಒಂದನೆಯ ಜಾಗಕ್ಕೆ ಹಾಕಿ. ಕೋಡ್ ಅಳಿಸಿ, ಒಂದು ಏರು ಹತ್ತಿಸಿ ಬನ್ನಿ. ಈ ಸಲ ಪಿ0302 ಬಂದರೆ ಕಾಯಿಲೆ ಕಾಯಿಲ್ ಜೊತೆಗೇ ನಡೆದು ಹೋಗಿದೆ, ಅದನ್ನು ಬದಲಿಸಿ. ಮತ್ತೆ ಪಿ0301 ಬಂದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್‌ಗಳನ್ನು ಅದೇ ರೀತಿ ಅದಲು ಬದಲು ಮಾಡಿ. ಎರಡೂ ಅಲ್ಲವೆಂದಾದರೆ ವೈರು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರಿನೊಳಗಿನ ಒತ್ತಡದ (ಕಂಪ್ರೆಷನ್ನಿನ) ಮಾತು. 'ಸಾರ್, ನಾಲ್ಕೂ ಕಾಯಿಲ್ ಹೋಗಿವೆ' ಎನ್ನುವವರಿಗೆ ಈ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ ನೋಡಿ. ನಾಲ್ಕು ಕಾಯಿಲ್‌ಗಳು ಒಂದೇ ದಿನ ಮಾತಾಡಿಕೊಂಡು ಕೆಡುವುದಿಲ್ಲ.

ಪರೀಕ್ಷೆಗೂ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ಇಲಿ. ರಾಗಿ, ಕಡಲೆಕಾಯಿ ಮೂಟೆ ಇಡುವ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ಕಾಯಿಲ್‌ಗೆ ಹೋಗುವ ವೈರನ್ನು ಕೈಯಾಡಿಸಿ ನೋಡಬೇಕು. ಇನ್ನೊಂದು, ಆಯುಧಪೂಜೆ. ವರ್ಷಕ್ಕೊಮ್ಮೆ ಬಾನೆಟ್ ತೆರೆದು ಎಂಜಿನ್ನಿಗೆ ಪೈಪಿನಿಂದ ನೀರು ಹೊಡೆಯುವ ಭಕ್ತಿ ನಮ್ಮಲ್ಲಿದೆ. ಪ್ಲಗ್ ಕೂತಿರುವ ಆಳವಾದ ಗುಂಡಿಯಲ್ಲಿ ಆ ನೀರು ನಿಂತರೆ ವಿದ್ಯುತ್ತು ಕಿಡಿಯಾಗುವ ಬದಲು ನೀರಿನ ದಾರಿ ಹಿಡಿಯುತ್ತದೆ. ವಿಜಯದಶಮಿಯ ಬೆಳಿಗ್ಗೆ ಮಿಸ್ಸಿಂಗ್ ಕಂಡರೆ ಅಂಗಡಿಗೆ ಓಡಬೇಡಿ, ಕಾಯಿಲ್ ಎತ್ತಿ ಗುಂಡಿ ಒಣಗಿಸಿ. ಗುಂಡಿಯಲ್ಲಿ ನೀರಿನ ಬದಲು ಎಂಜಿನ್ ಆಯಿಲ್ ಕಂಡರೆ ಎಂಜಿನ್ನಿನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರಿನ) ಸೀಲ್ ಸೋರುತ್ತಿದೆ; ಅದನ್ನು ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದರ ರಬ್ಬರೂ ಎಣ್ಣೆಯಲ್ಲಿ ನೆಂದು ಉಬ್ಬುತ್ತದೆ.

ನಿಕ್ಕಲ್, ಪ್ಲಾಟಿನಂ, ಇರಿಡಿಯಂ

ಸಾಧಾರಣ ನಿಕ್ಕಲ್ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿಲಿಮೀಟರ್ ದಪ್ಪ, ಇರಿಡಿಯಂ ಪ್ಲಗ್ಗಿನದು 0.4ರಿಂದ 0.6 ಮಿಲಿಮೀಟರ್. ತುದಿ ಚೂಪಾದಷ್ಟೂ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತದೆ, ಕಾಯಿಲ್‌ಗೆ ಹೊರೆ ಕಡಿಮೆ. ಅಷ್ಟು ತೆಳುವಾದ ನಿಕ್ಕಲ್ ಕಡ್ಡಿ ಬೇಗ ಸವೆದುಹೋಗುತ್ತದೆ. 1455 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹ ಅದು. ಇರಿಡಿಯಂ ಕರಗಲು 2400 ಡಿಗ್ರಿ ದಾಟಬೇಕು. ನಿಕ್ಕಲ್ ಪ್ಲಗ್ 30ರಿಂದ 40 ಸಾವಿರ ಕಿಲೋಮೀಟರ್ ಬಂದರೆ ಇರಿಡಿಯಂ ಒಂದು ಲಕ್ಷದ ಹತ್ತಿರ ಹೋಗಬಲ್ಲದು. ಬೆಲೆಯಲ್ಲಿ ನಿಕ್ಕಲ್ ಪ್ಲಗ್ ಒಂದಕ್ಕೆ ನೂರು, ಇನ್ನೂರು ರೂಪಾಯಿ. ಇರಿಡಿಯಂ ಪ್ಲಗ್ಗಿಗೆ ಅದರ ಮೂರು, ನಾಲ್ಕು ಪಟ್ಟು. ಪ್ಲಾಟಿನಂ ಎರಡರ ನಡುವೆ ನಿಲ್ಲುತ್ತದೆ. ಕಂಪನಿಯೇ ಪ್ಲಾಟಿನಂ ಹಾಕಿ ಕೊಟ್ಟಿದ್ದರೆ ಅದನ್ನೇ ಮುಂದುವರಿಸಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಕಿಲೋಮೀಟರಿಗೆ ಬೀಳುವ ಖರ್ಚಿನ ಲೆಕ್ಕದಲ್ಲಿ ನೋಡಿದರೆ ನಿಕ್ಕಲ್ಲೂ ಇರಿಡಿಯಮ್ಮೂ ಹೆಚ್ಚುಕಡಿಮೆ ಸಮ. ಹಾಗಾದರೆ ಆಯ್ಕೆ ಯಾವ ಆಧಾರದ ಮೇಲೆ? ನಿಮ್ಮ ಓಡಾಟದ ಮೇಲೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ಕಾರಿನಲ್ಲೇ ಹೋಗಿ ಬರುವವರಿಗೆ ದಿನಕ್ಕೆ 140 ಕಿಲೋಮೀಟರ್. ಒಂದು ವರ್ಷದಲ್ಲಿ ನಿಕ್ಕಲ್ ಪ್ಲಗ್ಗಿನ ಆಯಸ್ಸು ಮುಗಿಯುತ್ತದೆ. ಪ್ರತಿ ವರ್ಷ ಬಾನೆಟ್ ಕೆಳಗೆ ಬಗ್ಗುವ ವ್ಯವಧಾನ ಅವರಿಗಿಲ್ಲ. ಇರಿಡಿಯಂ ಹಾಕಿ ಮರೆತುಬಿಡಲಿ. ಭಾನುವಾರ ಸಿದ್ಧಗಂಗೆಗೆ, ಹಾದಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ, ತಿಂಗಳಿಗೊಮ್ಮೆ ಗುಬ್ಬಿಯ ನೆಂಟರ ಮನೆಗೆ ಎಂದು ಕಾರು ತೆಗೆಯುವ ನಿವೃತ್ತರಿಗೆ ನಿಕ್ಕಲ್ ಸಾಕು. ಐದಾರು ವರ್ಷಕ್ಕೊಮ್ಮೆ ಬದಲಿಸಿದರೆ ಆಯಿತು. ಹದಿನೈದು ವರ್ಷ ಹಳೆಯ, ಆಯಿಲ್ ಕುಡಿಯುವ ಎಂಜಿನ್ನಿಗೆ ಇರಿಡಿಯಂ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತಿಗೆ ಸರಿ. ಮಸಿ ಹಿಡಿದು ಅದು ಲಕ್ಷ ಕಿಲೋಮೀಟರ್ ಮುಟ್ಟುವುದೇ ಇಲ್ಲ. ಇನ್ನು ಮೈಲೇಜ್ ಏರುವ ಮಾತು: ಸವೆದ ಪ್ಲಗ್ ತೆಗೆದು ಯಾವ ಹೊಸ ಪ್ಲಗ್ ಹಾಕಿದರೂ ಕಳೆದುಹೋಗಿದ್ದ ಮೈಲೇಜ್ ವಾಪಸು ಬರುತ್ತದೆ. ಹೊಸ ನಿಕ್ಕಲ್ ತೆಗೆದು ಹೊಸ ಇರಿಡಿಯಂ ಹಾಕಿದರೆ ಪೆಟ್ರೋಲ್ ಬಂಕಿನಲ್ಲಿ ವ್ಯತ್ಯಾಸ ಕಾಣುವಷ್ಟು ಏನೂ ಸಿಗುವುದಿಲ್ಲ.

ಎರಡು ಗುಂಪಿನವರಿಗೆ ಈ ಲೆಕ್ಕ ಬದಲಾಗುತ್ತದೆ. ಸಿಎನ್‌ಜಿ ಅನಿಲಕ್ಕೆ ಕಿಡಿ ಹಚ್ಚಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ಗೂ ಕಾಯಿಲ್ಲೂ ಬೇಗ ದಣಿಯುತ್ತವೆ; ಅವರು ಅವಧಿಗಿಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹಳೆಯ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್‌ಗಳು. ಅಂಗಡಿಯಲ್ಲಿ ನಾಲ್ಕು ಕೊಂಡು ಮನೆಗೆ ಬಂದರೆ ಅರ್ಧ ಕೆಲಸವೇ ಆಗುವುದು. ಕ್ವಿಡ್, ಟಿಯಾಗೊ, ಆಲ್ಟೊ ಇರುವವರಿಗೆ ಮೂರೇ ಸಾಕು.

ಲೋಹಕ್ಕಿಂತ ಮುಖ್ಯ, ಪ್ಲಗ್ಗಿನ ನಂಬರ್. ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬುದನ್ನು ಅದರಲ್ಲಿರುವ ಅಂಕಿ ಹೇಳುತ್ತದೆ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್ ಲೆಕ್ಕ ಇದಕ್ಕೆ ತದ್ವಿರುದ್ಧ, ಅಲ್ಲಿ ಅಂಕಿ ಏರಿದಷ್ಟೂ ಬಿಸಿ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದಕ್ಕೆ ಊಹಿಸಿ ಹಚ್ಚುವ ಅಂಗಡಿಯವರ ಮಾತು ಕೇಳಬೇಡಿ, ಕಾರಿನ ಕೈಪಿಡಿಯನ್ನೇ ನಂಬಿ. ಎನ್‌ಜಿಕೆ ನಂಬರಿನ ಕೊನೆಯಲ್ಲಿ ಗೆರೆಯ ನಂತರ 11 ಎಂದಿದ್ದರೆ ಸಂದಿ 1.1 ಮಿಲಿಮೀಟರ್ ಎಂದು. ನಿಕ್ಕಲ್ ಪ್ಲಗ್ಗಿನ ಸಂದಿಯನ್ನು ಸಂದಿ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು ಸರಿಮಾಡಬಹುದು, ಇರಿಡಿಯಂ ತುದಿಗೆ ಗೇಜನ್ನು ತುರುಕಬೇಡಿ. ಆ ಕಡ್ಡಿ ಪಟಕ್ಕನೆ ಮುರಿಯುತ್ತದೆ.

ಡೂಪ್ಲಿಕೇಟ್ ವಿಷಯ ಎಲ್ಲರಿಗೂ ಗೊತ್ತು, ಗುರುತಿಸುವುದು ಕೆಲವರಿಗಷ್ಟೇ ಗೊತ್ತು. ಪ್ಲಗ್ಗಿನ ಬುಡದಲ್ಲಿರುವ ಲೋಹದ ವಾಷರನ್ನು ಬೆರಳಿನಲ್ಲಿ ತಿರುಗಿಸಿ ನೋಡಿ. ಅಸಲಿ ಪ್ಲಗ್ಗಿನಲ್ಲಿ ಅದು ತಿರುಗುತ್ತದೆ, ಆದರೆ ಸುಲಭಕ್ಕೆ ಕಳಚಿ ಬರುವುದಿಲ್ಲ. ನಕಲಿಯಲ್ಲಿ ಅನೇಕ ಸಲ ಸಲೀಸಾಗಿ ಕೈಗೆ ಬಂದುಬಿಡುತ್ತದೆ. ನಡುವಿನ ಕಡ್ಡಿ ಸರಿಯಾಗಿ ಮಧ್ಯಕ್ಕಿದೆಯೇ, ಪಿಂಗಾಣಿಯ ಮೇಲಿನ ಅಕ್ಷರ ಚೊಕ್ಕವಾಗಿದೆಯೇ, ಥ್ರೆಡ್ ನುಣುಪಾಗಿದೆಯೇ ಎಂದೂ ನೋಡಿ.

ಕಾಯಿಲ್: ನಾಲ್ಕು ಅಂಗಡಿ, ನಾಲ್ಕು ದರ

ಇಲ್ಲಿ ನನಗೆ ಸಂದೇಹವಿಲ್ಲ. ಮಾರುತಿ, ಹ್ಯುಂಡೈ ಮುಂತಾದ ಕಂಪನಿಗಳ ಹೆಸರಿನ ಡಬ್ಬಿಯಲ್ಲಿ ಬರುವ ಅಸಲಿ ಕಾಯಿಲ್ ಮೊದಲ ಆಯ್ಕೆ. ಅದೇ ಕಾಯಿಲನ್ನು ತಯಾರಿಸಿ ಕೊಡುವ ಡೆನ್ಸೊ, ಬಾಷ್ ಮುಂತಾದವರ ಸ್ವಂತ ಡಬ್ಬಿಯಲ್ಲಿ ಸಿಕ್ಕರೆ ಅದೂ ಅಷ್ಟೇ ಒಳ್ಳೆಯದು, ಎಷ್ಟೋ ಸಲ ಅಗ್ಗ ಕೂಡ. ಹಳೆಯ ಕಾಯಿಲಿನ ಮೈಮೇಲೆಯೇ ತಯಾರಕರ ಹೆಸರು, ನಂಬರ್ ಕೆತ್ತಿರುತ್ತದೆ. ಫೋಟೊ ತೆಗೆದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರಿಗಂತೂ ಆ ಫೋಟೊ ಇಲ್ಲದಿದ್ದರೆ ಅಂಗಡಿಯಿಂದ ಅಂಗಡಿಗೆ ಅಲೆಯುವುದೇ ಕೆಲಸವಾಗುತ್ತದೆ.

ಹೆಸರಿಲ್ಲದ ಅಗ್ಗದ ಕಾಯಿಲನ್ನು ನಾನು ಬೇಡವೆನ್ನುತ್ತೇನೆ. ಸಿಲಿಂಡರ್ ಹೆಡ್ಡಿನ ಬಿಸಿಯಲ್ಲಿ ದಿನವಿಡೀ ಕೂರುವ ಭಾಗ ಅದು. ಒಳಗಿನ ತಂತಿ, ಅಂಟು ಸಾಧಾರಣದ್ದಾದರೆ ತಣ್ಣಗಿರುವಾಗ ಚೆನ್ನಾಗಿ ಕೆಲಸ ಮಾಡಿ, ಎಂಜಿನ್ ಕಾದ ಮೇಲೆ ಕೈಕೊಡುತ್ತದೆ. ಇಂಥ ಕಳ್ಳ ಮಿಸ್ಸಿಂಗ್ ಹುಡುಕುವುದು ಪೂರ್ತಿ ಸತ್ತ ಕಾಯಿಲ್ ಹುಡುಕುವುದಕ್ಕಿಂತ ತ್ರಾಸದಾಯಕ. ಗುಜರಿಯ ಅಸಲಿ ಕಾಯಿಲ್ ಇದಕ್ಕಿಂತ ವಾಸಿ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ, ಆದರೆ ಅದು ಎಷ್ಟು ಲಕ್ಷ ಕಿಲೋಮೀಟರ್ ಓಡಿದೆ ಎಂದು ಯಾರೂ ಬರೆದುಕೊಡುವುದಿಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಮುಟ್ಟಲು ಸರಿ.

ಒಂದೇ ಕೆಟ್ಟಾಗ ನಾಲ್ಕನ್ನೂ ಬದಲಿಸಬೇಕೇ? ಒಂದೂವರೆ ಲಕ್ಷ ಕಿಲೋಮೀಟರ್ ದಾಟಿ, ಕೆಲವೇ ತಿಂಗಳಲ್ಲಿ ಎರಡನೆಯದೂ ಕೆಟ್ಟಿದ್ದರೆ ಉಳಿದವನ್ನೂ ಬದಲಿಸುವುದು ನ್ಯಾಯ. ಎಂಜಿನ್ನಿಗೆ ಗಾಳಿ ತರುವ, ಮೇಲಿರುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚದೆ ಕಾಯಿಲ್ ಕೈಗೆ ಸಿಗದ ಗಾಡಿಗಳಲ್ಲೂ ಹಾಗೆಯೇ. ಬೇರೆಲ್ಲ ಕಡೆ ಒಂದೇ ಸಾಕು.

ಯಾರ ಕೈಯಲ್ಲಿ?

ವಾರಂಟಿ ಇರುವ ಕಾರಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ, ಚರ್ಚೆ ಬೇಡ. ಟರ್ಬೊ ಎಂಜಿನ್, ಪ್ಲಗ್ ಕಾಣದಷ್ಟು ಮುಚ್ಚಿಹೋಗಿರುವ ಎಂಜಿನ್, ಹತ್ತು ವರ್ಷದಿಂದ ಯಾರೂ ಬಿಚ್ಚದೆ ಕಚ್ಚಿಕೊಂಡಿರುವ ಪ್ಲಗ್, ಇವನ್ನು ಅನುಭವಿ ಗ್ಯಾರೇಜಿಗೆ ಬಿಡಿ. ಕಚ್ಚಿಕೊಂಡ ಪ್ಲಗ್ ಅಲ್ಯುಮಿನಿಯಂ ಥ್ರೆಡ್ಡನ್ನು ಕಿತ್ತುಕೊಂಡು ಬಂದರೆ ಹೆಡ್ಡಿಗೆ ಹೊಸ ಥ್ರೆಡ್ ಕೂರಿಸಬೇಕು, ಕೆಲವೊಮ್ಮೆ ಹೆಡ್ಡನ್ನೇ ಇಳಿಸಿ ಲೇತ್‌ಗೆ ಕಳಿಸಬೇಕು.

ಗ್ಯಾರೇಜಿನ ಬಲ ಅನುಭವ, ಅದರ ದೌರ್ಬಲ್ಯ ಅವಸರ. ಬೆಳಿಗ್ಗೆ ತಂದ ಗಾಡಿಯನ್ನು ಬಿಸಿ ಆರುವ ಮೊದಲೇ ಬಿಚ್ಚುತ್ತಾರೆ, ಕೈ ಅಂದಾಜಿನಲ್ಲಿ ಬಿಗಿಯುತ್ತಾರೆ. ಪರಿಚಯದ ಗ್ಯಾರೇಜ್ ಇದ್ದರೆ ಪ್ಲಗ್ ನೀವೇ ಕೊಂಡು ಕೊಡಿ, ಹಳೆಯದನ್ನು ಕೇಳಿ ಪಡೆಯಿರಿ. 'ಅಣ್ಣ, ಹಳೆಯದು ನನಗೆ ಬೇಕು' ಎಂಬ ಒಂದು ಮಾತಿಗೆ ಕೆಲಸದ ಗುಣಮಟ್ಟ ತಾನಾಗಿ ಏರುತ್ತದೆ.

ಮಾರುತಿಯ ಕೆ ಸರಣಿಯಂತೆ ಕಾಯಿಲ್‌ಗಳು ಮೇಲೆಯೇ ಕಾಣುವ ಸಾಧಾರಣ ಎಂಜಿನ್ ಆಗಿದ್ದರೆ ಉಳಿದದ್ದು ನಿಮ್ಮ ಕೈಯ ಕೆಲಸ. ಬೇಕಾದ ಸಾಮಾನು: 10 ಮಿಲಿಮೀಟರ್ ಸಾಕೆಟ್, ನಿಮ್ಮ ಗಾಡಿಯ ಅಳತೆಯ ಪ್ಲಗ್ ಸಾಕೆಟ್ (ಸಾಮಾನ್ಯವಾಗಿ 16 ಅಥವಾ 14, ಹಳೆಯ ಗಾಡಿಗಳಲ್ಲಿ 21), ಉದ್ದದ ಎಕ್ಸ್‌ಟೆನ್ಷನ್, ರ‍್ಯಾಚೆಟ್. ಸಾಕೆಟ್ಟಿನ ಒಳಗೆ ಪ್ಲಗ್ ಹಿಡಿಯುವ ರಬ್ಬರು ಅಥವಾ ಅಯಸ್ಕಾಂತ ಇರುವುದನ್ನೇ ಕೊಳ್ಳಿ. ಎಷ್ಟು ಬಿಗಿಯಾಗಿದೆ ಎಂದು ಅಳೆದು ತೋರಿಸುವ ಟಾರ್ಕ್ ರೆಂಚಿಗೆ ಎರಡು, ಮೂರು ಸಾವಿರ ರೂಪಾಯಿ ಬೀಳುತ್ತದೆ. ಒಂದೇ ಕಾರಿಗಾಗಿ ಕೊಂಡರೆ ದುಬಾರಿ, ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಸೇರಿ ಕೊಂಡರೆ ಅಗ್ಗ.

ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಬಿಚ್ಚಿ. ಬಿಸಿ ಹೆಡ್ಡಿನ ಥ್ರೆಡ್ ಮೆತ್ತಗಿರುತ್ತದೆ. ಕೀಲಿ ತೆಗೆದಿಡಿ. ಕಾಯಿಲಿನ ಕನೆಕ್ಟರ್ ಪ್ಲಾಸ್ಟಿಕ್ ಬಿಸಿಯಲ್ಲಿ ಬೆಂದು ಬಿಸ್ಕತ್ತಿನಂತಾಗಿರುತ್ತದೆ, ಬೀಗದ ನಾಲಿಗೆಯನ್ನು ಒತ್ತಿ ನಿಧಾನ ಎಳೆಯಿರಿ. ವೈರು ಹಿಡಿದು ಎಳೆಯಬೇಡಿ. ಬೋಲ್ಟ್ ಬಿಚ್ಚಿದ ಮೇಲೆ ಕಾಯಿಲನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಮೇಲೆತ್ತಿ. ಪ್ಲಗ್ ಬಿಚ್ಚುವ ಮೊದಲು ಗುಂಡಿಗೆ ಗಾಳಿ ಹೊಡೆಯಲೇಬೇಕು. ಕ್ವಾರಿ ಲಾರಿಗಳ ಹಿಂದೆ, ಶಿರಾ ರಸ್ತೆಯ ದೂಳಿನಲ್ಲಿ ಓಡಿದ ಗಾಡಿಯ ಗುಂಡಿಯಲ್ಲಿ ಮರಳಿನ ಕಣ ಇರುತ್ತದೆ. ಪ್ಲಗ್ ಬಿಚ್ಚಿದ ಕ್ಷಣ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಕಾಲಿನಿಂದ ಒತ್ತುವ ಸೈಕಲ್ ಪಂಪಾದರೂ ಸಾಕು. ಒಂದು ಸಲಕ್ಕೆ ಒಂದೇ ಸಿಲಿಂಡರ್ ಬಿಚ್ಚಿ, ಮುಗಿಸಿ, ಮುಂದಿನದಕ್ಕೆ ಹೋಗಿ.

ಹೊಸ ಪ್ಲಗ್ಗನ್ನು ರ‍್ಯಾಚೆಟ್ ಹಚ್ಚಿ ಕೂರಿಸಬಾರದು. ಎಕ್ಸ್‌ಟೆನ್ಷನ್ ಕಡ್ಡಿಯನ್ನು ಬರಿ ಬೆರಳಿನಲ್ಲಿ ಹಿಡಿದು, ಮೊದಲು ಹಿಂದಕ್ಕೆ ತಿರುಗಿಸಿ. ಥ್ರೆಡ್ಡಿಗೆ ಥ್ರೆಡ್ ಸರಿಯಾಗಿ ಕೂತ ಗಳಿಗೆ ಕೈಗೆ ಸಣ್ಣದೊಂದು 'ಟಕ್' ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ತಡೆಯಿಲ್ಲದೆ ಬುಡದವರೆಗೆ ಇಳಿಯಬೇಕು. ಎರಡೇ ಸುತ್ತಿಗೆ ಬಿಗಿಯಾದರೆ ಓರೆಯಾಗಿ ಹೋಗಿದೆ, ತೆಗೆದು ಮತ್ತೆ ಹಾಕಿ. ವಾಷರ್ ಇರುವ 14 ಮಿಲಿಮೀಟರ್ ಥ್ರೆಡ್ಡಿನ ಹೊಸ ಪ್ಲಗ್ಗನ್ನು, ವಾಷರ್ ಹೆಡ್ಡಿಗೆ ತಾಗಿದ ಮೇಲೆ ಅರ್ಧ ಸುತ್ತಿನಿಂದ ಮುಕ್ಕಾಲು ಮುಟ್ಟದಷ್ಟು ಬಿಗಿಯುವುದು ವಾಡಿಕೆ. 12 ಮಿಲಿಮೀಟರ್ ಥ್ರೆಡ್ಡಿಗೆ ಸುಮಾರು 15ರಿಂದ 20 ನ್ಯೂಟನ್ ಮೀಟರ್. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ವಾಷರ್ ಇಲ್ಲದ, ಬುಡ ಓರೆಯಾಗಿರುವ ಪ್ಲಗ್ಗಿಗೆ ಸುತ್ತಿನ ಹದಿನಾರನೇ ಒಂದು ಭಾಗ ಸಾಕು. ಥ್ರೆಡ್ಡಿಗೆ ಗ್ರೀಸ್ ಸವರಬೇಡಿ, ಜಾರಿಕೆಯಿಂದ ಅಳತೆ ಮೀರಿ ಬಿಗಿಯಾಗುತ್ತದೆ. ಕಾಯಿಲಿನ ರಬ್ಬರಿನ ಒಳಬಾಯಿಗೆ ಮಾತ್ರ ವಿದ್ಯುತ್ತು ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಹಚ್ಚಬಹುದು.

ಹಳೆಯ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದಿ ಬಣ್ಣದ್ದಾದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಅಥವಾ ಎಂಜಿನ್ ಕಾಯುವ ಮೊದಲೇ ನಿಲ್ಲಿಸುವ ಗಲ್ಲಿಯೋಡಾಟ ಹೆಚ್ಚಾಗಿದೆ. ಜಿಡ್ಡು ಜಿಡ್ಡಾದ ಕಪ್ಪು ಎಂದರೆ ಆಯಿಲ್ ಮೇಲೆ ಬರುತ್ತಿದೆ, ಅದಕ್ಕೆ ಯಾವ ಪ್ಲಗ್ಗೂ ಔಷಧವಲ್ಲ. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ಲೋಹದ ಅಂಚಿನ ಮೇಲೆ ಪಿಂಗಾಣಿಗೆ ಕಂದು ಉಂಗುರ ಕಂಡರೆ ಹೊಗೆ ಸೋರಿದೆ ಎಂದು ಹೆದರಬೇಡಿ, ಹೆಚ್ಚು ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣ ಅಂಟಿ ಆಗುವ ಕಲೆ ಅದು. ಆದರೆ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಇಳಿದಿದೆ. ಅದೇ ಗೆರೆ ಕಾಯಿಲಿನ ರಬ್ಬರಿನ ಒಳಗೂ ಇರುತ್ತದೆ, ಟಾರ್ಚ್ ಬಿಟ್ಟು ನೋಡಿ. ರಬ್ಬರು ಮಾತ್ರ ಬಿಡಿಯಾಗಿ ಸಿಗುವ ಗಾಡಿಗಳಿವೆ, ಕೇಳಿ ನೋಡಿ. ಇಲ್ಲದಿದ್ದರೆ ಆ ಕಾಯಿಲನ್ನು ಬದಲಿಸುವುದೇ ಸರಿ, ಗೆರೆ ಬಿದ್ದ ರಬ್ಬರು ಹೊಸ ಪ್ಲಗ್ಗನ್ನೂ ಹಾಳುಮಾಡುತ್ತದೆ.

ನಾಲ್ಕನ್ನೂ ಬದಲಿಸುವ ಸಂದರ್ಭ ಬಂದರೆ, ಹಳೆಯದರಲ್ಲಿ ಚೆನ್ನಾಗಿರುವ ಒಂದು ಕಾಯಿಲನ್ನು 10 ಮಿಲಿಮೀಟರ್ ಸ್ಪಾನರ್ ಜೊತೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿರಿ. ಹಿರಿಯೂರಿನ ಆಚೆ ರಾತ್ರಿ ಹನ್ನೊಂದಕ್ಕೆ ಗಾಡಿ ಮೂರು ಸಿಲಿಂಡರಿನಲ್ಲಿ ಕುಂಟತೊಡಗಿದರೆ ಅದನ್ನು ಹಾಕಿಕೊಂಡು ಮನೆ ಸೇರಬಹುದು.